ಕಿವಿ ಸದಾಶಿವಯ್ಯ

ಆ ಭಾನುವಾರ ನಸುಕಿನಲ್ಲಿ ಪೂಜೆಗೆ ಕುಳಿತ ಸದಾಶಿವಯ್ಯನವರ ಅಂಗೈಯಲ್ಲಿ ಇಷ್ಟಲಿಂಗವಿತ್ತು, ಮನಸ್ಸು ಮಾತ್ರ ಒಳಕೋಣೆಯ ಗೋಡೆಯ ತೂತಿನಲ್ಲಿತ್ತು. ತೂತನ್ನು ಅವರೇ ಕೊರೆದದ್ದು, ಮದುವೆಯಾದ ಹೊಸದರಲ್ಲಿ, ತಾರಸಿಯ ಏರಿಯಲ್ ತಂತಿ ಒಳಕೋಣೆಯಿಂದ ನಡುಮನೆಯ ರೇಡಿಯೋಗೆ ಬರಲೆಂದು. ಮದುವಣಗಿತ್ತಿ ಮಹದೇವಮ್ಮ ಉದುರಿದ ಗಾರೆಯನ್ನು ಗುಡಿಸುತ್ತ, ಈ ಮನೆಯಲ್ಲಿ ತನ್ನ ಸವತಿ ಯಾರೆಂದು ಅವತ್ತೇ ತಿಳಿದುಕೊಂಡಿದ್ದಳು. ಈಗ ಅದೇ ತೂತಿನಲ್ಲಿ ಏರಿಯಲ್ ತಂತಿಯ ಬೆನ್ನಿಗೆ ಅಂಟಿಕೊಂಡು ಇನ್ನೊಂದು ತಂತಿ ಕಳ್ಳನ ಹಾಗೆ ನುಸುಳಿ ಬಂದಿತ್ತು. ಅದರ ಒಂದು ತುದಿ, ಮಗಳು ಸುಷ್ಮಾ ಮದುವೆಯಾಗಿ ನಂಜನಗೂಡಿಗೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ. ಇನ್ನೊಂದು ತುದಿ, ನಡುಮನೆಯ ಹಳೆಯ ವಾಲ್ವ್ ರೇಡಿಯೋದ ಮರದ ಪೆಟ್ಟಿಗೆಯೊಳಗೆ ಬಚ್ಚಿಟ್ಟ ಪುಟ್ಟ ಸ್ಪೀಕರಿನಲ್ಲಿ. ಮುಚ್ಚಿದ ಕಣ್ಣಿನೊಳಗೂ ಅವರಿಗೆ ಆ ತಂತಿಯೇ ಕಂಡಿತು. ಮಂತ್ರ ನಡುವೆ ಎಲ್ಲೋ ತಪ್ಪಿತು. ಬಾಯಿ ಬಿಟ್ಟು ಹೇಳದ್ದನ್ನೂ ಶಿವ ಕೇಳಿಸಿಕೊಳ್ಳುತ್ತಾನೆ ಎಂದು ಮಠದ ಸ್ವಾಮಿಗಳು ಹೇಳಿದ್ದು ನೆನಪಾಯಿತು. ಅವನ ಕಿವಿಯಾದರೂ ಚೆನ್ನಾಗಿರಲಿ ಎಂದುಕೊಂಡು ಪೂಜೆ ಮುಗಿಸಿ ಎದ್ದರು.

ಮೈಸೂರಿನ ನಜರ್‌ಬಾದಿನ ಆ ಬೀದಿಯಲ್ಲಿ ಅವರಿಗೆ ಕಿವಿ ಸದಾಶಿವಯ್ಯ ಎಂದೇ ಹೆಸರು. ಊರಿಗೆ ಶಾರ್ಟ್‌ವೇವ್ ಶ್ರೋತೃ ಬಳಗ ಎಂದೊಂದಿತ್ತು, ಇವರೇ ಅದರ ಅಧ್ಯಕ್ಷರು. ಲೋಕದ ಯಾವುದೋ ಮೂಲೆಯ ರೇಡಿಯೋ ನಿಲಯವನ್ನು, ಅದು ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು, ಎಷ್ಟು ಕ್ಷೀಣವಾಗಿದ್ದರೆ ಅಷ್ಟೂ ಒಳ್ಳೆಯದು, ಹಿಡಿದು ಕೇಳುವುದು. ಕೇಳಿದ್ದು ಎಷ್ಟು ಸ್ಪಷ್ಟವಾಗಿತ್ತೆಂದು ಐದಕ್ಕೆ ಇಷ್ಟು ಎಂದು ಅಂಕ ಹಾಕಿ ಆ ನಿಲಯಕ್ಕೆ ಬರೆಯುವುದು. ಅವರು ಸಂತೋಷಪಟ್ಟು ಕಳಿಸಿದ ಬಣ್ಣದ ಕಾರ್ಡನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸುವುದು. ಇದು ಬಳಗದ ಕಾಯಕ. ನಿಲಯದವರು ಏನು ಹೇಳಿದರು ಎಂದು ಯಾರೂ ಕೇಳಬಾರದು, ಯಾಕೆಂದರೆ ಭಾಷೆ ಯಾರಿಗೂ ಬರುತ್ತಿರಲಿಲ್ಲ. ಕೊಲ್ಲಿ ಯುದ್ಧದ ವರ್ಷ ಅವರ ಜಗಲಿಯ ಮೇಲೆ ಜಾಗ ಸಾಲದೆ ಜನ ಬೀದಿಯಲ್ಲಿ ನಿಂತು ಸುದ್ದಿ ಕೇಳಿದ್ದರು. ಪತ್ರಿಕೆ ನಾಳೆ ಹೇಳುವುದನ್ನು ಸದಾಶಿವಯ್ಯ ಇವತ್ತೇ ಹೇಳುತ್ತಿದ್ದರು. ಬೂದುಬಣ್ಣದ ಶಾಲು ಹೊದ್ದು, ಕಣ್ಣು ಮುಚ್ಚಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಬುಸುಗುಟ್ಟುವ ಗದ್ದಲದ ಒಳಗಿಂದ ಒಂದು ದನಿಯನ್ನು ಈಚೆಗೆ ಎಳೆದು ತರುತ್ತಿದ್ದ ಆ ಭಂಗಿಯನ್ನು ನೋಡಿದವರು, ಯುದ್ಧವನ್ನು ಇವರೇ ನಡೆಸುತ್ತಿದ್ದಾರೇನೋ ಎಂದುಕೊಳ್ಳಬೇಕು. ಹಾಗೆ ಕೆಲವರು ಅಂದುಕೊಂಡಿದ್ದರು ಕೂಡ. ಆಮೇಲೆ ಮನೆಮನೆಗೆ ಕೇಬಲ್ ಬಂತು, ಜಗಲಿ ಖಾಲಿಯಾಯಿತು, ಭಂಗಿ ಒಂದು ಉಳಿಯಿತು.

ಕಿವಿ ಯಾವಾಗ ಹೋಯಿತು ಎಂದು ಅವರಿಗೇ ಗೊತ್ತಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ, ತಗಡಿನ ಮೇಲೆ ಟನ್ನುಗಟ್ಟಲೆ ಕಬ್ಬಿಣ ಧಡಾರ್ ಧಡಾರ್ ಬೀಳುವಲ್ಲಿ, ಸೂಪರ್‌ವೈಸರ್ ಆಗಿ ನಿವೃತ್ತಿಯವರೆಗೂ ನಿಂತವರು. ಕಿವಿಗೆ ತುರುಕಿಕೊಳ್ಳಲು ಕಂಪನಿ ಕೊಟ್ಟ ರಬ್ಬರ್ ಬಿರಡೆಗಳನ್ನು, ನಮ್ಮ ಕಿವಿಗೆ ಇವೆಲ್ಲ ಬೇಕೇನಯ್ಯ ಎಂದು ಮೇಜಿನ ಖಾನೆಯಲ್ಲಿಟ್ಟಿದ್ದರು. ಒಂದೇ ಸಲಕ್ಕೆ ಕೆಪ್ಪಾಗಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ಹಾಗಾಗಲಿಲ್ಲ. ಸಣ್ಣ ದನಿಗಳು ಒಂದೊಂದಾಗಿ, ಹೇಳದೆ ಕೇಳದೆ, ಮದುವೆಮನೆಯಿಂದ ಜಾರಿಕೊಳ್ಳುವ ನೆಂಟರ ಹಾಗೆ ಹೊರಟುಹೋದವು. ಮೊದಲು ಕಿಟಕಿಯ ಹೊರಗಿನ ಗುಬ್ಬಿ, ಆಮೇಲೆ ಮಹದೇವಮ್ಮನ ಬಳೆ, ಆಮೇಲೆ ಫೋನು. ಗುಬ್ಬಿಗಳೇ ಕಡಿಮೆಯಾಗಿವೆ ಎಂದು ಅವರು ಎಲ್ಲರೊಡನೆ ವಾದಿಸಿದರು. ಜನರ ಮಾತಿಗೆ ‘ಹೂಂ’ ಎನ್ನುವುದನ್ನು ಕಲಿತರು. ಹೂಂ ಎಂಬುದು ಎಲ್ಲ ಬೀಗಕ್ಕೂ ಹೊಂದುವ ಕೀಲಿ ಎಂದು ನಂಬಿದ್ದರು, ಹಿಂದಿನ ಬೀದಿಯ ಶಿವರುದ್ರಪ್ಪ ತರಕಾರಿ ಗಾಡಿಯ ಪಕ್ಕ ನಿಂತು ಏನೋ ಹೇಳಿದಾಗ ಹೂಂ ಸಾಲದೆನಿಸಿ, ನಕ್ಕು, ‘ಬಹಳ ಸಂತೋಷ’ ಎಂದುಬಿಡುವವರೆಗೆ. ಆತನ ತಾಯಿ ತೀರಿಕೊಂಡಿದ್ದರು. ಅವತ್ತಿನಿಂದ ತರಕಾರಿಗೆ ಮಹದೇವಮ್ಮನೇ ಹೋಗುತ್ತಾಳೆ.

ಕಂಪ್ಯೂಟರಿನಲ್ಲಿ ಹೊರದೇಶದ ನಿಲಯಗಳು ಸಿಗುತ್ತವೆ ಎಂದು ತೋರಿಸಿಕೊಟ್ಟವಳು ಸುಷ್ಮಾ, ಬ್ರಾಡ್‌ಬ್ಯಾಂಡ್ ಬಂದ ಮರುವರ್ಷ, ದಸರೆಗೆ ಬಂದಾಗ. ಯಾವುದೋ ದೇಶದ ಹೆಸರು ಒತ್ತಿದಳು; ಒಬ್ಬಳು ಹೆಂಗಸು ಪಕ್ಕದಲ್ಲೇ ಕುಳಿತು ಹಾಡಿದ ಹಾಗೆ ಹಾಡಿದಳು. ಬುಸುಗುಟ್ಟುವುದಿಲ್ಲ, ಏರಿಳಿಯುವುದಿಲ್ಲ, ನಡುವೆ ಚೀನಾ ನಿಲಯದವರು ನುಗ್ಗುವುದಿಲ್ಲ. ವಾಲ್ಯೂಮು ಎಷ್ಟು ಬೇಕೋ ಅಷ್ಟು. ಮಗಳ ಎದುರು ಅವರು ‘ಇದೇನಮ್ಮ, ಇದರಲ್ಲಿ ಕಷ್ಟವೇ ಇಲ್ಲವಲ್ಲ’ ಎಂದು ಮೂಗು ಮುರಿದರು. ಅವಳು ಊರಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಅದೇ ನಿಲಯ ಹಚ್ಚಿ ಅತ್ತರು. ತಾವು ಇಷ್ಟು ವರ್ಷ ಪ್ರೀತಿಸಿದ್ದು ಹಾಡನ್ನೋ ಅದರ ಸುತ್ತಲಿನ ಗದ್ದಲವನ್ನೋ ಎಂದು ತಮ್ಮನ್ನೇ ಕೇಳಿಕೊಂಡರು. ಅಂದಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಒಳಕೋಣೆ ಸೇರುವುದು ರೂಢಿಯಾಯಿತು. ಕುಡುಕರ ಹಾಗೆ ಮೊದಲು ಕಿಟಕಿ ಮುಚ್ಚುತ್ತಿದ್ದರು. ಮಹದೇವಮ್ಮ ಎರಡು ಮೂರು ಸಲ ಬಂದು, ‘ಕರೆಂಟ್ ಹೋದಾಗೆಲ್ಲ ಆ ಕೆಳಗಿನ ಪೆಟ್ಟಿಗೆ ಬಡ್ಕೊಳ್ತದೆ ಕಣ್ರೀ, ತಲೆ ಚಿಟ್ಟು ಹಿಡಿದೋಗ್ತದೆ, ಏನಾದ್ರೂ ಮಾಡಿ’ ಎಂದಳು. ಪೆಟ್ಟಿಗೆ ಎಂದರೆ ಕಂಪ್ಯೂಟರಿಗೆ ಹಾಕಿದ ಯುಪಿಎಸ್ಸು. ಸದಾಶಿವಯ್ಯ ಅದರ ಪಕ್ಕದಲ್ಲೇ ಗಂಟೆಗಟ್ಟಲೆ ಕೂರುವವರು. ಅದು ಒಂದು ದಿನವೂ ತುಟಿ ಪಿಟಕ್ಕೆಂದದ್ದಿಲ್ಲ. ಯಂತ್ರ ಕಂಡರೆ ಹೆಂಗಸರಿಗೆ ಏನೇನೋ ಕೇಳಿಸುತ್ತದೆ ಎಂದುಕೊಂಡು, ‘ಹೂಂ’ ಎಂದಿದ್ದರು.

ಇಷ್ಟರಲ್ಲಿ ಬಳಗದ ಕಾರ್ಯದರ್ಶಿ ಲಕ್ಷ್ಮೀನರಸಿಂಹ ಹುಳಿ ಹಿಂಡಿದ. ಹೋದ ತಿಂಗಳ ಸಭೆಯಲ್ಲಿ ಎದ್ದುನಿಂತು, ‘ಅರ್ಧಕ್ಕರ್ಧ ನಿಲಯಗಳು ಶಾರ್ಟ್‌ವೇವ್ ಬಿಟ್ಟು ಇಂಟರ್‌ನೆಟ್ಟಿಗೆ ಹೋಗ್ಬಿಟ್ಟಿವೆ ಸಾರ್. ಅಲ್ಲಿ ಕೇಳಿದ್ದನ್ನೂ ಕೇಳಿದ್ದು ಅಂತ್ಲೇ ಒಪ್ಕೊಳ್ಳೋಣ. ಇಲ್ದಿದ್ರೆ ಬಳಗದಲ್ಲಿ ನಾವು ಮೂರು ಜನ ಉಳ್ಕೋತೀವಿ’ ಎಂದ. ಅವತ್ತು ಅಲ್ಲಿದ್ದದ್ದೂ ಮೂರೇ ಜನ. ಮೂರನೆಯವರು ಬನ್ನಿಮಂಟಪದ ಜವರಯ್ಯ, ಸದಾಶಿವಯ್ಯ ಸೀನಿದರೂ ಎಷ್ಟು ಮೀಟರ್ ಬ್ಯಾಂಡಿನಲ್ಲಿ ಎಂದು ಭಕ್ತಿಯಿಂದ ಕೇಳುವವರು. ಸದಾಶಿವಯ್ಯನವರಿಗೆ ನಾಲಗೆ ಎಲ್ಲಿಂದ ಬಂತೋ. ‘ಅದು ಕೇಳೋದಲ್ಲ ಕಣ್ರೀ, ನಲ್ಲಿ ತಿರುಗಿಸೋದು. ಪ್ರಸಾದದ ಫೋಟೋ ನೋಡಿ ಹೊಟ್ಟೆ ತುಂಬ್ತು ಅಂದಂಗೆ’ ಎಂದು ಕೂಗಾಡಿದರು. ಅವರ ಮನೆಯ ಒಳಕೋಣೆಯ ಕಿಟಕಿ ಆಗ ಮುಚ್ಚಿಯೇ ಇತ್ತು. ಲಕ್ಷ್ಮೀನರಸಿಂಹ ನಕ್ಕು, ಆಂಡೀಸ್ ಬೆಟ್ಟಗಳ ನಡುವಿನ ಒಂದು ಪುಟ್ಟ ಊರಿನ ನಿಲಯವನ್ನು ತಾನು ಕಂಪ್ಯೂಟರಿನಲ್ಲಿ ಕೇಳಿದೆನೆಂದೂ ರೇಡಿಯೋ ಸೆಟ್ಟಿನಲ್ಲಿ ಅದು ಮೈಸೂರಿಗೆ ಎಂದಾದರೂ ಸಿಕ್ಕೀತೇ ಎಂದೂ ಕೇಳಿದ. ‘ಬರೋ ತಿಂಗಳ ಸಭೆ ನಮ್ಮನೇಲಿ. ಬೆಳಕು ಹರಿಯೋ ಹೊತ್ತಿಗೆ ಬನ್ನಿ. ಸೆಟ್ಟಲ್ಲೇ ಕೇಳಿಸ್ತೀನಿ. ಕೇಳಿಸ್ದಿದ್ರೆ ಅಧ್ಯಕ್ಷ ಪದವಿ ನಿಮ್ದು’ ಎಂಬ ಮಾತು ಸದಾಶಿವಯ್ಯನವರ ಬಾಯಿಂದಲೇ ಬಂತು. ಅಷ್ಟು ಸ್ಪಷ್ಟವಾದ ಮಾತನ್ನು ತಮ್ಮ ಕಿವಿಯೇ ಯಾಕೆ ಕೇಳಿಸಿಕೊಂಡಿತು ಎಂದು ಅವರಿಗೆ ಮನೆಗೆ ಮರಳುವ ಬಸ್ಸಿನಲ್ಲಿ ಅನಿಸಿತು.

ತಿಂಗಳಿಡೀ ನಸುಕಿನಲ್ಲೆದ್ದು ಪ್ರಾಮಾಣಿಕವಾಗಿಯೇ ಪ್ರಯತ್ನಪಟ್ಟರು, ಅದನ್ನು ಹೇಳಲೇಬೇಕು. ರೇಡಿಯೋದ ಬಟ್ಟೆಗೆ ಕಿವಿ ಒತ್ತಿ ಕುಳಿತರೆ ಕೇಳಿಸುತ್ತಿದ್ದದ್ದು ತಮ್ಮದೇ ರಕ್ತದ ಓಡಾಟ. ಕಡೆಗೆ ನಿನ್ನೆ ಸಂಜೆ ತಂತಿ ಎಳೆದರು. ಬುದ್ಧಿಯನ್ನೇನೂ ಕಡಿಮೆ ಖರ್ಚು ಮಾಡಲಿಲ್ಲ. ಇಂಟರ್‌ನೆಟ್ಟಿನ ದನಿ ತೊಳೆದಿಟ್ಟ ಲೋಟದ ಹಾಗೆ ಇರುತ್ತದೆ, ಸಂಶಯ ಬರಬಾರದೆಂದು ನಿಜವಾದ ರೇಡಿಯೋವನ್ನೂ ಎರಡು ನಿಲಯಗಳ ನಡುವಿನ ಖಾಲಿ ಜಾಗದಲ್ಲಿಟ್ಟು ಅದರ ಬುಸುಬುಸುವನ್ನು ಮೇಲಿನಿಂದ ಬೆರೆಸುವುದು. ಮಾನಿಟರನ್ನು ಆರಿಸಿಡುವುದು. ಬೆಳಗಿನ ಹೊತ್ತು ಕರೆಂಟು ಹೋಗುವುದುಂಟು, ನಡುವೆ ನಿಲಯ ನಿಂತರೆ ಮಾನ ಹೋಗುತ್ತದೆ. ಆದ್ದರಿಂದ ಕಂಪ್ಯೂಟರು, ಮೋಡೆಮ್ಮು, ಸ್ಪೀಕರು ಮೂರನ್ನೂ ಯುಪಿಎಸ್ಸಿಗೆ ಸಿಕ್ಕಿಸುವುದು. ಮುಂದಾಲೋಚನೆ ಎಂದರೆ ಇದು ಎಂದು ಸದಾಶಿವಯ್ಯ ಕತ್ತಲಲ್ಲಿ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು.

ಮಂಕಿ ಟೋಪಿ ಹಾಕಿಕೊಂಡು ಲಕ್ಷ್ಮೀನರಸಿಂಹನೂ ಜವರಯ್ಯನೂ ಒಟ್ಟಿಗೇ ಬಂದರು. ಅಡುಗೆಮನೆಯಲ್ಲಿ ಮಹದೇವಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ‘ಏನಕ್ಕಾ, ಘಮಘಮಾ ಅಂತದೆ’ ಎಂದು ಜವರಯ್ಯ ಅತ್ತ ಕೂಗಿ, ಇತ್ತ ತಿರುಗಿ ತಗ್ಗಿದ ದನಿಯಲ್ಲಿ, ‘ಸಿಕ್ತದಾ ಸಾರ್ ಇವತ್ತು?’ ಎಂದರು. ಸದಾಶಿವಯ್ಯ ಅವರ ತುಟಿ ನೋಡಿ ಅರ್ಥ ಮಾಡಿಕೊಂಡು, ‘ಗಾಳಿ ಚೆನ್ನಾಗಿದೆ’ ಎಂದು ಗಂಭೀರವಾಗಿ ಹೇಳಿದರು. ಶಾರ್ಟ್‌ವೇವ್ ಕೇಳುವವರ ಮಡಿ ಶುರುವಾಯಿತು. ಟ್ಯೂಬ್‌ಲೈಟು ಗದ್ದಲ ಮಾಡುತ್ತದೆ, ಆರಿಸಿ. ಫ್ಯಾನು ಬೇಡ. ಫ್ರಿಜ್ಜನ್ನೂ ನಿಲ್ಲಿಸಿ. ‘ಕಂಪ್ಯೂಟರ್ ಏನಾದ್ರೂ ಹಾಕಿದೀರಾ ಸಾರ್? ಅದರಷ್ಟು ಗದ್ದಲ ಯಾವುದೂ ಮಾಡಲ್ಲ’ ಎಂದು ಲಕ್ಷ್ಮೀನರಸಿಂಹ ಕೇಳಿದ. ‘ನಮ್ಮನೇಲಿ ಅದನ್ನ ಯಾರು ಹಾಕ್ತಾರೆ’ ಎಂದು ಸದಾಶಿವಯ್ಯ ಒಳಕೋಣೆಯ ಬಾಗಿಲನ್ನು ಇನ್ನಷ್ಟು ಎಳೆದುಕೊಂಡರು. ನಡುಮನೆಯಲ್ಲಿ ಅರೆಬೆಳಕು, ರೇಡಿಯೋದ ಡಯಲಿನ ಹಳದಿ ದೀಪವೊಂದೇ ಉರಿಯುತ್ತಿತ್ತು. ಅದರ ಮುಂದೆ ಅವರು ಶಾಲು ಹೊದ್ದು ಕುಳಿತರು, ಕಣ್ಣು ಮುಚ್ಚಿದರು, ಗುಂಡಿ ಮುಟ್ಟಿದರು.

ಬುಸುಬುಸುವಿನ ಹಿಂದಿನಿಂದ ಅಕಾರ್ಡಿಯನ್ ಕೇಳಿಸಿತು. ಆಮೇಲೆ ಗಂಡಸೊಬ್ಬನ ದಪ್ಪ ದನಿ, ಸ್ಪ್ಯಾನಿಷ್. ಊರಿನ ಹೆಸರು ಎರಡು ಸಲ ಬಂತು. ‘ಅಯ್ಯಯ್ಯೋ, ಸಿಕ್ಬುಡ್ತಲ್ಲ ಸಾರ್!’ ಎಂದು ಜವರಯ್ಯ ಮಗುವಿನ ಹಾಗೆ ಕೂಗಿದರು. ಲಕ್ಷ್ಮೀನರಸಿಂಹನ ಉಸಿರು ನಿಂತದ್ದು ಸದಾಶಿವಯ್ಯನವರಿಗೆ ಕೇಳಿಸದಿದ್ದರೂ ತಿಳಿಯಿತು. ಕಣ್ಣು ತೆರೆಯಲಿಲ್ಲ. ತೆರೆಯಬೇಕೆಂದು ಅನಿಸಲಿಲ್ಲ. ಕತ್ತಲಲ್ಲಿ ಜಗಲಿ ಮತ್ತೆ ತುಂಬಿತು, ಬೀದಿಯಲ್ಲಿ ಜನ ನಿಂತರು, ಯಾರೋ ಮಗುವನ್ನು ಹೆಗಲ ಮೇಲೆ ಹೊತ್ತು, ಸುಮ್ಮನಿರು, ಅಯ್ನೋರು ಕೇಳ್ತಾವ್ರೆ ಎಂದರು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ದನಿ ಬೆಟ್ಟ ಇಳಿದು, ಸಮುದ್ರ ದಾಟಿ, ತಾರಸಿಯ ತಂತಿಗೆ ತಾಗಿ ತಮ್ಮ ಬೆರಳಿಗೆ ಬರುತ್ತಿದೆ ಎಂದು ನಿಜಕ್ಕೂ ಅನಿಸತೊಡಗಿತು. ಕಳ್ಳತನದ ಮಾಲೇ ಆದರೂ ಕಣ್ಣು ಮುಚ್ಚಿಕೊಂಡರೆ ನಮ್ಮದೇ. ಆ ಹೊತ್ತಿಗೆ ಸರಿಯಾಗಿ ಬುಸುಬುಸು ಮೆಲ್ಲಗೆ ಕುಗ್ಗಿತು, ಕರಗಿತು, ಪೂರ್ತಿ ಅಳಿದುಹೋಯಿತು. ಅಕಾರ್ಡಿಯನ್ ಒಂದೇ, ಹೊಸ ನೀರಿನ ಹಾಗೆ, ಉಳಿಯಿತು. ಸದಾಶಿವಯ್ಯನವರ ಮೈ ಜುಮ್ಮೆಂದಿತು. ‘ನೋಡಿ, ನೋಡಿ!’ ಎಂದು ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿದರು. ‘ಈಗ ದಾರಿ ತೆರೀತು. ಇದಕ್ಕೇ ಕಾಯೋದು ನಾವು. ಆಕಾಶ ಒಂದು ಕ್ಷಣ ಬಾಗಿಲು ತೆಗೀತದೆ. ಐದಕ್ಕೆ ಎಷ್ಟು ಕೊಡ್ತೀರಿ ಲಕ್ಷ್ಮೀನರಸಿಂಹ ಅವ್ರೇ? ಬೇರೆ ಯಾವ ಸದ್ದಾದ್ರೂ ಇದೆಯಾ? ಒಂದು ಸೊಳ್ಳೆ ಸದ್ದು? ಹೇಳಿ!’

ಹೊಗಳಿಕೆ ಬರುವ ದಾರಿಯನ್ನು ಸ್ವಲ್ಪ ಹೊತ್ತು ಕಾದು, ಅದು ಬರದಿದ್ದಾಗ ಕಣ್ಣು ತೆರೆದರು. ಡಯಲಿನ ದೀಪ ಆರಿತ್ತು. ಕರೆಂಟು ಹೋಗಿತ್ತು. ಕರೆಂಟಿಲ್ಲದ ವಾಲ್ವ್ ರೇಡಿಯೋ, ಏನೂ ಆಗದ ಹಾಗೆ, ಹಾಡುತ್ತಿತ್ತು. ನಿಲಯ ನಿಲ್ಲಬಾರದೆಂದು ಅಷ್ಟೆಲ್ಲ ಕಾವಲು ಹಾಕಿದವರಿಗೆ, ರೇಡಿಯೋ ನಿಲ್ಲಬೇಕು ಎಂಬುದೊಂದು ಹೊಳೆದಿರಲಿಲ್ಲ. ಈಗ ಅವರು ನಗುತ್ತಾರೆ ಎಂದುಕೊಂಡು ಮೈ ಗಟ್ಟಿ ಮಾಡಿಕೊಂಡು ತಿರುಗಿದರು. ಅವರಿಬ್ಬರೂ ನಗುತ್ತಿರಲಿಲ್ಲ. ರೇಡಿಯೋವನ್ನೂ ನೋಡುತ್ತಿರಲಿಲ್ಲ. ಇಬ್ಬರ ಕತ್ತೂ ಒಳಕೋಣೆಯ ಬಾಗಿಲಿನತ್ತ ಹೊರಳಿತ್ತು, ಅಳುವ ಕೂಸಿನ ಕಡೆಗೆ ಹೊರಳಿದ ಹಾಗೆ. ಜವರಯ್ಯನವರ ಹುಬ್ಬು ಗಂಟಾಗುತ್ತಿತ್ತು, ಬಿಡುತ್ತಿತ್ತು, ಮತ್ತೆ ಗಂಟಾಗುತ್ತಿತ್ತು, ಯಾವುದೋ ತಾಳಕ್ಕೆ. ಲಕ್ಷ್ಮೀನರಸಿಂಹ ಒಮ್ಮೆ ಬಾಗಿಲನ್ನು, ಒಮ್ಮೆ ಸದಾಶಿವಯ್ಯನವರನ್ನು ನೋಡಿದ. ಅವನ ಕಣ್ಣಿನಲ್ಲಿ ಗೆದ್ದವನ ಕುಹಕ ಇರಬೇಕಿತ್ತು, ಬೇರೇನೋ ಇತ್ತು. ಮಹದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದವಳು ಯಾರ ಮುಖವನ್ನೂ ನೋಡದೆ ಒಳಕೋಣೆಗೆ ಹೋದಳು. ಹೋದ ಸ್ವಲ್ಪ ಹೊತ್ತಿನಲ್ಲೇ ಇಬ್ಬರ ಹುಬ್ಬೂ ಸಡಿಲಿದವು, ಹೆಗಲು ಇಳಿದವು. ಯಾವುದೋ ಸದ್ದು ನಿಂತಿತು. ಯಾವ ಸದ್ದು ಎಂದು ಆ ಮನೆಯಲ್ಲಿ ತಿಳಿಯದೆ ಇದ್ದವರು ಅವರೊಬ್ಬರೇ, ಊರಿನ ಕಿವಿ.

‘ಹಳೇ ಕಾಲದ ಸೆಟ್ಟು ನೋಡಿ,’ ಎಂದರು ಜವರಯ್ಯ, ಬೇಕಾದ್ದಕ್ಕಿಂತ ಗಟ್ಟಿಯಾಗಿ, ಒಂದೊಂದೇ ಮಾತನ್ನು ಬಿಡಿಸಿ. ‘ಒಳಗಡೆ ವಾಲ್ವು ಕಾದಿರ್ತದೆ. ಕರೆಂಟ್ ಹೋದ್ರೂ ಒಂದ್ಚೂರು ಹೊತ್ತು ಹಾಡ್ತದೆ.’ ಅವರ ಹಣೆಯಲ್ಲಿ ಬೆವರಿತ್ತು. ಬದುಕಿನಲ್ಲಿ ಹೆಚ್ಚು ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ‘ಹೌದೌದು, ಹಾಡತ್ತೆ,’ ಎಂದ ಲಕ್ಷ್ಮೀನರಸಿಂಹ, ಅವನೂ ಅಷ್ಟೇ ಗಟ್ಟಿಯಾಗಿ. ‘ಐದಕ್ಕೆ ಐದು ಸಾರ್. ಆ ಇಂಟರ್‌ನೆಟ್ ವಿಷಯ ನಾನು ವಾಪಸ್ ತಗೊಂಡೆ. ನಿಮ್ಮಂಥೋರು ಇರೋವಾಗ ಅದೆಲ್ಲ ಯಾಕೆ.’ ಸದಾಶಿವಯ್ಯನವರಿಗೆ ಅವನು ಎದ್ದು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು ಎನಿಸಿತು. ಮೊನ್ನೆಯವರೆಗೆ ಇವರಿಬ್ಬರೂ ತಮ್ಮೊಡನೆ ಇಷ್ಟು ಜೋರಾಗಿ ಮಾತಾಡಿರಲಿಲ್ಲ. ಅಜ್ಜಂದಿರೊಡನೆ ಹಾಗೆ ಮಾತಾಡುತ್ತಾರೆ, ಬೇರೆ ಊರಿನವರೊಡನೆ ಹಾಗೆ ಮಾತಾಡುತ್ತಾರೆ. ಉಪ್ಪಿಟ್ಟು ಬಂತು. ಮೂವರೂ ತಟ್ಟೆ ಹಿಡಿದು ತಿಂದರು. ಒಂದ್ಚೂರು ಹೊತ್ತು ಹಾಡುವ ಸೆಟ್ಟು ನಿಲ್ಲಲೇ ಇಲ್ಲ. ಎದ್ದುಹೋಗಿ ನಿಲ್ಲಿಸಿದರೆ ಒಪ್ಪಿಕೊಂಡ ಹಾಗಾಗುತ್ತದೆ, ನಿಲ್ಲಿಸದಿದ್ದರೆ ಅದು ಹಾಡುತ್ತದೆ. ಆಂಡೀಸ್ ಬೆಟ್ಟದವನು ಹಾಡಿನ ಮೇಲೆ ಹಾಡು ಹಾಕಿದ, ನಗೆಚಾಟಿಕೆ ಹೇಳಿ ತಾನೇ ನಕ್ಕ. ಮೂವರೂ ನಿಂಬೆಕಾಯಿ ಉಪ್ಪಿನಕಾಯಿಯನ್ನು ಬಹಳ ಹೊಗಳಿದರು.

ಅವರು ಹೋದ ಮೇಲೆ ಸದಾಶಿವಯ್ಯ ಬಾಗಿಲು ಹಾಕಿ ನೇರ ಒಳಕೋಣೆಗೆ ಹೋದರು. ಸ್ಪೀಕರಿನ ತಂತಿಯನ್ನು ಎಳೆದು ಕಿತ್ತರು. ಕರೆಂಟು ಇನ್ನೂ ಬಂದಿರಲಿಲ್ಲ. ಮೇಜಿನ ಕೆಳಗೆ ಯುಪಿಎಸ್ಸಿನ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು, ಹತ್ತುತ್ತಿತ್ತು. ಜವರಯ್ಯನವರ ಹುಬ್ಬಿನ ತಾಳ ಇದೇ ಎಂದು ತಿಳಿಯಿತು. ಮಹದೇವಮ್ಮ ಎರಡು ಮೂರು ಸಲ ಬಂದು ಹೇಳಿದ್ದು ಇದನ್ನೇ ಎಂದೂ ತಿಳಿಯಿತು. ಮೆಲ್ಲಗೆ ಮೊಣಕಾಲೂರಿದರು. ಒಂದು ಕಾಲಕ್ಕೆ ಸಾವಿರಾರು ಮೈಲಿ ಆಚೆಯ ಪಿಸುಮಾತನ್ನು ಹಿಡಿದ ಬಲಗಿವಿಯನ್ನು ಆ ಪೆಟ್ಟಿಗೆಗೆ ಒತ್ತಿದರು, ಎಷ್ಟು ಒತ್ತಿದರೆಂದರೆ ತಗಡಿನ ಬಿಸಿ ಕೆನ್ನೆಗೆ ತಾಗಿತು. ಉಸಿರು ಬಿಗಿಹಿಡಿದರು. ಬುಸುಬುಸುವಿನ ಹಿಂದೆ ದನಿ ಹುಡುಕಿದ ಹಾಗೆಯೇ ಹುಡುಕಿದರು, ಬಿಡಲಿಲ್ಲ. ದೀಪ ಹತ್ತಿದಾಗ ಒಂದು, ಆರಿದಾಗ ಇಲ್ಲ, ಹತ್ತಿದಾಗ ಮತ್ತೊಂದು. ಇತ್ತು. ತೀರ ಸಣ್ಣಗೆ, ಹೊಳೆಯಾಚೆ ಯಾರೋ ಕರೆದ ಹಾಗೆ, ಇತ್ತು. ಎದೆ ಹಗುರಾಯಿತು.

ತಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಮಹದೇವಮ್ಮ ಬಾಗಿಲಲ್ಲಿ ನಿಂತಳು. ‘ಏನ್ ಮಾಡ್ತಿದೀರಿ ಅಲ್ಲಿ?’

‘ಕೇಳಿಸ್ತಾ ಇದೆ ಕಣೇ,’ ಎಂದರು, ಕಿವಿ ತೆಗೆಯದೆ. ‘ನೀನು ಹೇಳಿದ್ದು ಸರಿ. ಇದು ಬಡ್ಕೊಳ್ತದೆ. ಸಣ್ಣಗೆ, ಆದ್ರೆ ಕ್ಲಿಯರಾಗಿ. ಐದಕ್ಕೆ ಮೂರು ಕೊಡಬೌದು.’

ಅವಳು ತಟ್ಟೆಗಳನ್ನು ಕೆಳಗಿಟ್ಟಳು. ಬಂದು ಪಕ್ಕದಲ್ಲಿ ಕುಳಿತಳು. ಬಳೆಗಳು ಅಲುಗಿದ್ದನ್ನು ಅವರು ಕಂಡರು.

‘ಅವರೆಲ್ಲ ಇದ್ದಾಗ್ಲೇ ಬಂದು ಬಟನ್ ಒತ್ಬುಟ್ಟೆ ಕಣ್ರೀ,’ ಎಂದಳು. ‘ಒತ್ತಿದ್ರೆ ಸದ್ದು ನಿಂತೋಗ್ತದೆ, ಬರೀ ದೀಪ ಹತ್ಕೊಂಡಿರ್ತದೆ. ಸುಷ್ಮಾ ಹೇಳಿಕೊಟ್ಟಿದ್ಲು. ಆಗ್ಲಿಂದ ಅದು ಸುಮ್ಮನೇ ಇದೆ.’

ಈ ಮಾತು ಅವರಿಗೆ ಒಂದಕ್ಷರವೂ ಬಿಡದೆ ಕೇಳಿಸಿತು. ‘ಹೂಂ’ ಎಂದರು.

‘ಏನ್ ಹೂಂ?’

ಸದಾಶಿವಯ್ಯ ಪೆಟ್ಟಿಗೆಯಿಂದ ಕಿವಿ ತೆಗೆದರು. ಕೆನ್ನೆಯ ಮೇಲೆ ತಗಡಿನ ಗೆರೆಗಳು ಮೂಡಿದ್ದವು.

‘ಏನಿಲ್ಲ ಕಣೇ,’ ಎಂದರು. ‘ನನಗೆ ಕೇಳಿಸಲ್ಲ.’